ಬೆವರ ಹನಿ ಕಾಣುವ ಪೆಟ್ಟಿಗೆ

ಚಾಮರಾಜಪೇಟೆ, ಬೆಂಗಳೂರು
೧೮-೧೧-೨೦೦೭

ಪ್ರೀತಿಯ ವರದು,

ಇಲ್ಲಿ ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿದ್ದೀಯೆಂದು ತುಮಕೂರಿನಿಂದ ಚಿಕ್ಕಪ್ಪ ಫೋನಿನಲ್ಲಿ ಹೇಳಿದರು. ನಿನ್ನ ಪತ್ರಗಳಿಗೆ ಉತ್ತರ ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಸಂಜೆಯಾದರೆ ಅಂಗಡಿಯಲ್ಲಿ ಕೂರಲು ಪುರುಸೊತ್ತಿಲ್ಲ. ನಿನ್ನ ಕಾಲದಲ್ಲಿ ಬೇಕಾದಷ್ಟು ಪುರುಸೊತ್ತಿತ್ತು.

ಹೌದು, ಅದೇ ನಮ್ಮ ಮನೆಯ ಮುಂದಿನ ಕೋಣೆ, ಅದೇ ವಿಡಿಯೋ ಗೇಮ್ ಅಂಗಡಿ. ನಾನು ತಂದ ಬಿಳಿ ಗೇಮ್ ಪೆಟ್ಟಿಗೆಯೊಂದೇ ಈಗ ಅಂಗಡಿ ನಡೆಸುತ್ತಿದೆ. ಟಿವಿ ಎದುರು ಕೋಲು ಹಿಡಿದು ಗಾಳಿಯಲ್ಲಿ ಬೀಸುವುದೂ ಒಂದು ಆಟವಾ, ಚಿಕ್ಕ ಮಕ್ಕಳ ಸಾಮಾನು ಅಂತ ಮೂಗು ಮುರಿದಿದ್ದೆಯಲ್ಲ, ಅದೇ. ಹಿಂದಿನ ಮನೆಯ ಪಾರ್ವತಮ್ಮ ಸೆರಗು ಸಿಕ್ಕಿಸಿಕೊಂಡು ದಿನಾ ಟೆನಿಸ್ ಆಡಲು ಬರುತ್ತಾರೆ. "ಮನೇಲಿ ಸೊಸೆ ಎದುರಿಗೆ ಹೀಗೆ ಕೈ ಬೀಸೋಕಾಗತ್ತೇನ್ರೀ ಆಂಡಾಳ್" ಅನ್ನುತ್ತಾರೆ. ಟ್ಯೂಷನ್ ಮುಗಿಸಿದ ಹುಡುಗಿಯರು ಬರುತ್ತಾರೆ. ಆ ಹುಡುಗಿಯರನ್ನು ಬಿಟ್ಟರೆ, ನೀನಿದ್ದಾಗ ಈ ಅಂಗಡಿಯ ಮೆಟ್ಟಿಲು ಹತ್ತಿದ ಒಬ್ಬ ಹೆಂಗಸನ್ನು ನೆನಪಿಸಿಕೊಂಡು ಹೇಳು, ನೋಡೋಣ.

ನೀನು ತಂದ ಕಪ್ಪು ಪೆಟ್ಟಿಗೆಯ ದುಡ್ಡಿಗೆ ಬಿಳಿಯದು ಎರಡು ಬರುತ್ತಿತ್ತು. ಆಟಗಾರನ ಹಣೆಯ ಬೆವರ ಹನಿ ಕೂಡ ಕಾಣುತ್ತದೆ, ಗ್ರಾಫಿಕ್ಸ್ ಅಂದರೆ ಅದು ಎಂದು ನೀನು ಬೀದಿಗೆಲ್ಲ ಸಾರಿದೆ. ಇದ್ದಬದ್ದದ್ದೆಲ್ಲ ಪೆಟ್ಟಿಗೆಗೇ ಸುರಿದು, ಹೊಸ ಟಿವಿಗೆ ಏನೂ ಉಳಿಯದೆ, ಅಪ್ಪನ ಕಾಲದ ದಪ್ಪ ಟಿವಿಗೇ ಅದನ್ನು ಸಿಕ್ಕಿಸಿದೆ. ಅದರಲ್ಲಿ ಬೆವರು ಹಾಗಿರಲಿ, ಮೂಗು ಯಾವುದು ಬಾಯಿ ಯಾವುದು ಅಂತಲೂ ತಿಳಿಯುತ್ತಿರಲಿಲ್ಲ. ಹುಡುಗರು ಒಂದು ತಿಂಗಳು ಬಂದು, ಆಮೇಲೆ ತಲೆ ಹಾಕಲಿಲ್ಲ.

ಆಯುಧಪೂಜೆಯ ದಿನ ಆ ಪೆಟ್ಟಿಗೆಗೆ ನೀನು ಮಾಡಿದ ಉಪಚಾರ ನೆನೆದರೆ ಈಗಲೂ ನಗು ಬರುತ್ತದೆ. ಲಾರಿಗೆ ಕಟ್ಟುವಂಥ ಸೇವಂತಿಗೆ ಹಾರವನ್ನು ಸುತ್ತ ಬಿಗಿದೆ. ಮಾರನೆಯ ದಿನ ನೀನು ಆಡಲು ಕೂತಾಗ ಬಿಸಿಗಾಳಿ ಹೋಗುವ ತೂತು ಮುಚ್ಚಿದೆ, ತೆಗಿ ಎಂದರೆ, ಬಾಡುವವರೆಗೂ ಪೂಜೆಯ ಹೂ ತೆಗೆಯಬಾರದು ಎಂದು ನನಗೇ ಶಾಸ್ತ್ರ ಹೇಳಿದೆ. ಹೂ ಬಾಡಿತು. ಪೆಟ್ಟಿಗೆಯೂ ಬಾಡಿತು. ನೀನು ನನ್ನ ಕಣ್ಣು ತಗಲಿತು ಎಂದು ಕೂಗಾಡಿ, ಸೂಟ್‌ಕೇಸ್ ಹಿಡಿದು ಬಸ್ಸು ಹತ್ತಿದೆ.

ಈಗ ಚಿಕ್ಕಪ್ಪನ ಅಂಗಡಿಯಲ್ಲಿ ಬೇಳೆ ತೂಗುವುದು ಆಗುತ್ತಿಲ್ಲ, ಸಂಕ್ರಾಂತಿಗೆ ವಾಪಸು ಬರುತ್ತೇನೆ, ಕಪ್ಪು ಪೆಟ್ಟಿಗೆ ರಿಪೇರಿ ಮಾಡಿಸಿಡು ಅಕ್ಕ ಎಂದು ಬರೆದಿದ್ದೀಯ. ಎಸ್.ಪಿ. ರೋಡಿನ ರಿಪೇರಿಯವನಿಗೆ ತೋರಿಸಿದೆ. ಸರಿಯಾಗುತ್ತದೆ ಎಂದ. ಬೇಡ ಎಂದು ವಾಪಸು ತಂದೆ. ಅದು ಈಗ ಚಪ್ಪಲಿ ಗೂಡಿನ ಮೇಲಿದೆ, ಪಾರ್ವತಮ್ಮ ಬಂದಾಗ ತರಕಾರಿ ಚೀಲ ಇಡಲು ಅನುಕೂಲ. ಬೋರ್ಡಿನಲ್ಲಿದ್ದ ನಿನ್ನ ಹೆಸರಿನ ಮೇಲೆ ಬಣ್ಣ ಹೊಡೆಸಿ ಅಳಿಸಿದ್ದೇನೆ. ನಿನ್ನ ಕೋಣೆಗೆ ಬಾಡಿಗೆಯವರು ಬಂದಿದ್ದಾರೆ, ಒಳ್ಳೆಯ ಜನ. ಸಂಕ್ರಾಂತಿಗೂ ಬರಬೇಡ, ಯುಗಾದಿಗೂ ಬರಬೇಡ. ಎಳ್ಳು ಬೆಲ್ಲ ಚಿಕ್ಕಪ್ಪನ ಮನೆಗೇ ಕಳಿಸುತ್ತೇನೆ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ಆರೋಗ್ಯ ಗಟ್ಟಿಯಾಗಿರಲಿ, ತುಮಕೂರಿನಲ್ಲೇ ನಿನಗೆ ಒಳ್ಳೆಯದಾಗಲಿ.

ನಿನ್ನ ಅಕ್ಕ,
ಆಂಡಾಳ್

ತಾ.ಕ.: ನಿನ್ನನ್ನು ಬರಬೇಡ ಎನ್ನಲು ದುಡ್ಡು, ಹಾರ, ಕೂಗಾಟ ಎಲ್ಲ ನೆಪ. ಬಿಳಿ ಪೆಟ್ಟಿಗೆಯಲ್ಲಿ ಆಡುವವರು ಪರದೆಯ ಮೇಲೆ ತಮ್ಮದೇ ಮುಖದ ಗೊಂಬೆ ಮಾಡಿಕೊಳ್ಳಬಹುದಲ್ಲ, ಶ್ರಾವಣದಲ್ಲಿ ಒಂದು ಸಂಜೆ ಆ ಟ್ಯೂಷನ್ ಹುಡುಗಿಯರು ನನ್ನದೂ ಮಾಡಿದರು. ಚುಕ್ಕಿಯಂಥ ಕಣ್ಣು, ಕನ್ನಡಕ, ತುರುಬು. ಎಡಗೆನ್ನೆ ನುಣ್ಣಗಿತ್ತು. ಚಿಕ್ಕವಳಿದ್ದಾಗ ದೀಪಾವಳಿಯ ಹೂಕುಂಡ ಸಿಡಿದು ಆ ಕೆನ್ನೆ ಸುಟ್ಟುಹೋದ ಮೇಲೆ, ನನ್ನ ಮುಖವನ್ನು ಹಾಗೆ ನಾನು ನೋಡಿರಲೇ ಇಲ್ಲ. ಕೆಲಸ ಬಿಟ್ಟು ನೋಡುತ್ತ ನಿಂತೆ, ತುಂಬ ಸಂತೋಷವಾಗಿತ್ತು. ನೀನು ಪರದೆಯನ್ನು ನೋಡಿ, ನನ್ನ ಕೆನ್ನೆಯನ್ನು ನೋಡಿ, ಅಂಗಡಿಗೆಲ್ಲ ಕೇಳುವ ಹಾಗೆ ಅಂದೆ: "ನೋಡ್ರೋ, ಈ ಡಬ್ಬಾದಲ್ಲಿ ಗ್ರಾಫಿಕ್ಸೇ ಇಲ್ಲ ಅಂತ ನಾನು ಹೇಳೋದು ಇದಕ್ಕೇ." ಹುಡುಗರು ನಕ್ಕರು. ಹುಡುಗಿಯರು ನಗು ತಡೆಯಲಾಗದೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ನನ್ನ ಕಡೆ ನೋಡದೆ ನಿಂತರು.