ಮೂರನೇ ಬೀದಿಯ ಗದ್ದಲ

ಜೂನ್ ೯, ಮಂಗಳವಾರ

ಮತ್ತೆ ಮೂರನೇ ಬೀದಿ. ಊಟದ ತಟ್ಟೆ ಮುಂದಿಟ್ಟುಕೊಂಡಿದ್ದೆನಷ್ಟೆ, ನನ್ನ ಕೇಬಲ್ ಇಂಟರ್ನೆಟ್ ಆಫೀಸಿನ ಸ್ಕ್ರೀನ್ ಮೇಲೆ ಇಡೀ ಬೀದಿ ಕೆಂಪು. ಫೋನ್ ಶುರು. ‘ಮೇಡಂ, ನೆಟ್ ಇಲ್ಲ.’ ಗೊತ್ತು. ‘ಮೇಡಂ, ಯಾವಾಗ ಬರುತ್ತೆ?’ ಅದು ಗೊತ್ತಿದ್ದರೆ ಇಷ್ಟು ಹೊತ್ತಿಗೆ ತುತ್ತು ಬಾಯಿಗೆ ಹೋಗಿರುತ್ತಿತ್ತು.

ಸಂಜೆ ತಾನಾಗಿಯೇ ಸರಿಹೋಯಿತು. ಅದೇ ತಲೆನೋವು. ಕೆಟ್ಟು ಕೂತರೆ ಹುಡುಕಬಹುದು. ಇದು ಕೆಡುತ್ತದೆ, ಏಳುತ್ತದೆ, ನಾಳೆ ಮತ್ತೆ ಕೆಡುತ್ತದೆ.

ಜೂನ್ ೧೦

ಮೂರನೇ ಬೀದಿಯ ಟ್ಯೂಷನ್ ಮೇಷ್ಟ್ರು ಆಫೀಸಿಗೇ ಬಂದರು. ಮಧ್ಯಾಹ್ನ ಅವರ ಆನ್‌ಲೈನ್ ಪಾಠ. ‘ಶನಿವಾರದೊಳಗೆ ಸರಿಯಾಗದಿದ್ರೆ ಬೀದಿಯವರೆಲ್ಲ ಆ ದೊಡ್ಡ ಕಂಪನಿಗೆ ಹೋಗ್ತೀವಮ್ಮ. ಬೇಜಾರು ಮಾಡ್ಕೋಬೇಡಿ.’

ಬೇಜಾರು! ಮೂರನೇ ಬೀದಿ ಹೋದರೆ ನನ್ನ ನೆಟ್‌ವರ್ಕಿಗೆ ಬೀಗವೇ.

ಪದ್ಯದಲ್ಲಿ ಒಂದು ಮಾತ್ರೆ ತಪ್ಪಿದರೂ ಯಾವ ಸಾಲಿನಲ್ಲಿ ಎಂದು ಕಿವಿ ಹೇಳುತ್ತದೆ. ಈ ಕೇಬಲ್ ಹೇಳುವುದಿಲ್ಲ. ಯಾವುದೋ ಮನೆಯಲ್ಲಿ ತಂತಿಯ ತುದಿ ಬಾಯಿಬಿಟ್ಟುಕೊಂಡಿರುತ್ತದೆ. ಪಕ್ಕದ ಯಾವುದೋ ಮೋಟರಿನ ವಿದ್ಯುತ್ ಗದ್ದಲವನ್ನೆಲ್ಲ ಹೀರಿ ಬೀದಿಗೇ ಹಂಚುತ್ತದೆ. ಯಾವ ಮನೆ? ಕನ್ನಡ ಎಂ.ಎ. ಮಾಡಿದ್ದು ಇದಕ್ಕೆ.

ಜೂನ್ ೧೨, ಮಧ್ಯಾಹ್ನ

ನಮ್ಮ ಲೈನ್‌ಮನ್ ಅಳಿಲು, ಅಡ್ಡಹೆಸರಿಗೆ ತಕ್ಕ ಹಾಗೆ ಕಂಬ ಹತ್ತಿದ. ಒಂದೊಂದೇ ಮನೆಯ ತಂತಿ ಬಿಚ್ಚುವುದು ಅವನು, ಆಫೀಸಿನಲ್ಲಿ ಫೋನ್ ಹಿಡಿದು ಸ್ಕ್ರೀನ್ ನೋಡುವುದು ನಾನು.

‘ಈಗ?’ ‘ಇಲ್ಲ.’

‘ಈಗ?’ ‘ಇಲ್ಲಪ್ಪಾ.’

ಗಿರಾಕಿಗಳ ಮನೆಗಳೆಲ್ಲ ಮುಗಿದವು. ಗದ್ದಲ ಹಾಗೇ ಇದೆ.

‘ಅಕ್ಕಾ, ಇನ್ನೊಂದಿದೆ... ನೀವೇ ಮುಟ್ಟಬೇಡ ಅಂದಿದ್ರಲ್ಲ.’

ತಂಗಿಯ ಮನೆಯದು. ಹೋದ ವರ್ಷ ಜಗಳವಾಡಿ ದೊಡ್ಡ ಕಂಪನಿಗೆ ಹೋದಳು. ಜಗಳ ಇಷ್ಟೇ — ನಮ್ಮಲ್ಲಿ ಮನೆಯವರ ಕಂಪ್ಲೇಂಟ್ ಯಾವಾಗಲೂ ಕೊನೆಗೆ. ಗಿರಾಕಿ ಕಾಯುವುದಿಲ್ಲ, ನಮ್ಮವರು ಕಾಯುತ್ತಾರೆ. ಅವಳು ಕಾದೂ ಕಾದೂ ಹೋದಳು. ಬಂದೇ ಬರುತ್ತಾಳೆಂದು ತಂತಿ ಹಾಗೇ ಬಿಟ್ಟಿದ್ದೆ.

ಬಿಚ್ಚಿದ. ಬೀದಿ ಹಸಿರು.

‘ಕಿತ್ತು ಬಿಸಾಡ್ಲಾ?’

‘ತಡಿ. ಅವಳ ಕಿಟಕಿ ಎದುರಿಗೇ ಕಂಬ. ನೋಡಿದ್ರೆ ಈ ಜನ್ಮದಲ್ಲಿ ಮಾತಾಡಲ್ಲ.’

‘ಈಗ ಮಾತಾಡ್ತಿದ್ದಾರಾ?’

ಮೊದಲು ಇವನ ಬಾಯಿಗೊಂದು ಮುಚ್ಚಳ ಹಾಕಬೇಕು.

ಅದೇ ದಿನ, ಸಂಜೆ

ಹೋದೆ. ತಂಗಿ ಹೊಸ ಮೋಟರ್ ಹೊಲಿಗೆ ಮೆಷಿನ್ ಮುಂದೆ. ಮಧ್ಯಾಹ್ನವೆಲ್ಲ ಹೊಲಿಯುತ್ತಾಳೆ. ಮೋಟರಿನ ಪಕ್ಕದಲ್ಲೇ ನನ್ನ ತಂತಿಯ ಬೋಳು ತುದಿ. ಅದಕ್ಕೆ ಅಳತೆ ಟೇಪ್ ನೇತುಹಾಕಿದ್ದಾಳೆ!

‘ಏನು, ಕಂಪ್ಲೇಂಟ್ ಕೊಡದೇನೇ ಬಂದ್ಯಲ್ಲ?’

‘ನಿನ್ನ ತಂತಿಯಿಂದ ಇಡೀ ಬೀದಿ ನಿಂತುಹೋಗಿತ್ತು ಕಣೇ.’

‘ಸದ್ಯ! ಹೀಗಾದ್ರೂ ನಂಗೆ ಮೊದಲನೇ ನಂಬರ್ ಸಿಕ್ತು.’

ಎರಡೇ ದಾರಿ ಅಂದೆ — ತಂತಿ ಕತ್ತರಿಸಬೇಕು, ಇಲ್ಲವೇ ತುದಿಗೆ ನಮ್ಮ ಇಂಟರ್ನೆಟ್ ಬಾಕ್ಸ್ ಹಾಕಿ ಅದರ ಬಾಯಿ ಮುಚ್ಚಬೇಕು. ‘ಕತ್ತರಿ ಕೊಡು.’

‘ಬಟ್ಟೆ ಕತ್ತರಿ ಕೊಡಲ್ಲ. ಮೊಂಡಾಗುತ್ತೆ.’

‘ಹಾಗಾದ್ರೆ?’

‘ಹಾಗಾದ್ರೆ ಏನು? ಬಾಕ್ಸ್ ತಂದಿದ್ದೀಯಲ್ಲ, ಚೀಲ ಉಬ್ಬಿರೋದು ಕಾಣ್ತಿದೆ. ಆದ್ರೆ ನಾನು ಫೋನ್ ಮಾಡಿದಾಗ ನೀನೇ ಬರಬೇಕು. ಮೊದಲು.’

ಹೂಂ ಅಂದೆ.

ಜೂನ್ ೧೩, ಶನಿವಾರ

ಪಾಠ ಒಮ್ಮೆಯೂ ಕಡಿದುಹೋಗಲಿಲ್ಲ. ‘ಇನ್ನೊಂದು ತಿಂಗಳು ನೋಡೋಣಮ್ಮ’ ಎಂದರು ಮೇಷ್ಟ್ರು, ದಾನ ಕೊಟ್ಟವರ ಹಾಗೆ. ಬೀದಿ ಉಳಿಯಿತು. ನನಗೆ ಎರಡು ದಿನದ ನಿದ್ದೆ ಬಾಕಿ.

ಜೂನ್ ೧೭

ಈಗ ಎರಡನೇ ಬೀದಿ ಪೂರ್ತಿ ಮಲಗಿದೆ. ಆಫೀಸಿನ ಮೂರೂ ಫೋನ್ ಒಟ್ಟಿಗೇ ಬಡಿದುಕೊಳ್ಳುತ್ತಿವೆ. ನಡುವೆ ತಂಗಿ: ‘ವೀಡಿಯೊ ಒಂಚೂರು ನಿಂತು ನಿಂತು ಬರ್ತಿದೆ.’ ಒಂಚೂರು! ಅಳಿಲನ್ನು ಕಳಿಸ್ತೀನಿ ಅಂದೆ. ಆ ಕಡೆ ಮೌನ. ಮೌನಕ್ಕೂ ಒಂದು ಲಯವಿದೆ, ಈ ಲಯ ನನಗೆ ಚೆನ್ನಾಗಿ ಗೊತ್ತು — ಹೋದ ವರ್ಷ ಕೇಳಿದ್ದು.

ಅಳಿಲನ್ನು ಎರಡನೇ ಬೀದಿಗೆ ಓಡಿಸಿದೆ. ಜನ ಬೈದುಕೊಳ್ಳಲಿ, ತಂಗಿಯ ಮನೆಗೆ ನಾನೇ. ಚಪ್ಪಲಿ ಮೆಟ್ಟಿಕೊಂಡೇ ಬರೆಯುತ್ತಿದ್ದೇನೆ. ಮತ್ತೆ ಅವಳದೇ ಫೋನ್. ‘ಬಂದೆ ಕಣೇ, ನಿಮ್ಮ ಬೀದೀಲೇ ಇದ್ದೀ—’