ಕೂಡದ ತೊಲೆ

ಮಸ್ಕಿ
ಪಾರ್ಥಿವ ಸಂವತ್ಸರ, ಜ್ಯೇಷ್ಠ ಶುದ್ಧ ದಶಮಿ

ಚಿ. ಸೌ. ಶೇಖರಮ್ಮನಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಲಿಂಗಸುಗೂರಿನ ನಿಮ್ಮ ಮನೆಯಿಂದ ಹೇಳದೆ ಕೇಳದೆ ಎದ್ದು ಬಂದವನು ಇಷ್ಟು ದಿನ ಒಂದು ಕಾಗದವನ್ನೂ ಹಾಕಲಿಲ್ಲ. ಸಿಟ್ಟು ಮಾಡಿಕೊಳ್ಳಬೇಡ ತಾಯಿ. ಯಾವ ಮುಖ ಇಟ್ಟುಕೊಂಡು ಬರೆಯಲಿ? ನಿಮ್ಮವ್ವ ದಿನವೂ ಕೇಳುತ್ತಾಳೆ, "ಬೀಗತಿ ಕೈ ಹೆಂಗೈತಂತ? ಒಂದು ಕಾಗದ ಹಾಕಾಕ ನಿಮಗೇನಾಗೈತಿ?"

ನಿಮ್ಮತ್ತೆ ಸಂಗಮ್ಮನವರ ಕೈಯ ಕಟ್ಟು ಬಿಚ್ಚಿದರೇ? ದವಾಖಾನೆಯಲ್ಲಿ ಏನೆಂದರು?

ಮಾಳಿಗೆಗೆ ಬೇಕಾದಷ್ಟು ಉದ್ದದ ತೊಲೆ ಸಿಗಲಿಲ್ಲವೆಂದು ಅಳಿಯಂದಿರು ಕೈಚೆಲ್ಲಿ ಕೂತಾಗ, "ಎರಡು ತುಂಡು ಕೂಡಿಸಿ ಒಂದು ಮಾಡ್ತೀನಿ, ನೀವು ಸುಮ್ಮನಿರ್ರಿ" ಎಂದವನು ನಾನೇ. ಎರಡರ ತುದಿಯನ್ನೂ ಅರ್ಧರ್ಧ ಕೆತ್ತಿ, ಒಂದರ ಮೇಲೊಂದು ಕೂಡಿಸಿ, ಬೆಣೆ ಹೊಡೆದು, ಕಬ್ಬಿಣದ ಪಟ್ಟಿ ಬಿಗಿದೆ. ಈ ಕೆಲಸಕ್ಕೆಂದೇ ಸಿಂಧನೂರಿನಿಂದಲೂ ಜನ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಮಾಳಿಗೆಯ ಮೇಲೆ ಮಣ್ಣು ಹರವಿದ ಮರುದಿನವೇ ಆ ಸಂದು ಬಾಯಿಬಿಟ್ಟಿತು. ಕೆಳಗೆ ಜೋಳ ಹಸನು ಮಾಡುತ್ತ ಕೂತಿದ್ದ ಸಂಗಮ್ಮನವರ ತೋಳಿನ ಮೇಲೆಯೇ ತೊಲೆ ಬಿತ್ತು.

ಜನ ಕೂಡಿದಾಗ ನಾನು ಏನಂದೆ? "ಮರಾನ ಒಳಗ ಹುಳ ತಿಂದೈತಿ" ಎಂದೆ. ಮರ ತಂದವರು ಅಳಿಯಂದಿರು. ಎಲ್ಲರೂ ಅವರ ಮುಖ ನೋಡಿದರು. ಸಂಗಮ್ಮನವರು ನರಳುತ್ತಲೇ, "ಬೀಗರಿಗೆ ಮದಲ ನೀರು ಕೊಡ್ರಿ, ಭಾಳ ಗಾಬರಿ ಆಗ್ಯಾರ" ಅಂದರು. ಆ ನೀರಿನ ತಂಬಿಗೆಯನ್ನು ಹಾಗೇ ಕೆಳಗಿಟ್ಟು ಊರ ದಾರಿ ಹಿಡಿದೆ.

ಅಳಿಯಂದಿರಿಗೆ ಈ ಕಾಗದ ಓದಿ ಹೇಳು. ಮರದಲ್ಲಿ ಹುಳ ಇರಲಿಲ್ಲ. ಕೆಟ್ಟದ್ದು ನನ್ನ ಕೆಲಸ. ಪಾಮನಕಲ್ಲೂರಿನ ಅಂಬಪ್ಪ ಎಲುಬಿನ ನೋವಿಗೆ ಎಣ್ಣೆ ಕಾಯಿಸಿ ಕೊಟ್ಟಿದ್ದಾನೆ. ಇದರ ಜೊತೆಗೇ ಕಳಿಸಿದ್ದೇನೆ, ದಿನವೂ ಹಚ್ಚು.

ನಿನ್ನ ಸಂಸಾರ ತಂಪಾಗಿರಲಿ.

ನಿನ್ನ ಅಪ್ಪ,
ಮೌನಪ್ಪ ಬಡಿಗೇರ

ತಾ.ಕ.: ತೊಲೆ ಏರಿಸುವ ಮೊದಲು ನೀನು ಸಂದಿನಲ್ಲಿ ಬೆರಳಿಟ್ಟು, "ಅಪ್ಪಾ, ಇಲ್ಲಿ ಕೂಡಿಲ್ಲ ನೋಡು" ಎಂದಿದ್ದೆ. ಬೀಗರೆಲ್ಲರ ಮುಂದೆ ನಾನು, "ಒಲಿ ಮುಂದ ಕುಂದ್ರಾಕಿಗೆ ಬಡಿಗತನ ಏನು ತಿಳೀತೈತಿ? ಒಳಗ ಹೋಗು" ಎಂದು ಗದರಿದೆ. ನನಗೆ ಆ ಸಂದು ಕಾಣಿಸಲಿಲ್ಲ ಮಗಳೇ. ಕಣ್ಣು ಮಂಜಾಗಿ ವರ್ಷವಾಯಿತು, ನಿಮ್ಮವ್ವನಿಗೂ ಹೇಳಿಲ್ಲ. ಬೆರಳಿಗೆ ಪೆಟ್ಟಾಗಿದೆ ಎಂದು ಹೇಳಿ ಪಂಪಣ್ಣ ಮಾಸ್ತರರಿಂದ ಈ ಕಾಗದ ಬರೆಸುತ್ತಿದ್ದೆ. ಈಗ ಅವರಿಗೂ ತಿಳಿಯಿತು. ಗದರಿದಾಗ ನಿನ್ನ ಕಣ್ಣಲ್ಲಿ ನೀರು ಬಂತೋ ಇಲ್ಲವೋ, ಅದೂ ನನಗೆ ಕಾಣಿಸಲಿಲ್ಲ.