ಹಡಗಿನ ದಿನ ಒಗೆದ ಬಟ್ಟೆ

ರೋಸೋ ಕಣಿವೆ, ಡೊಮಿನಿಕಾ
ಜನವರಿ ೧೭, ಶನಿವಾರ

ನನ್ನ ಮುದ್ದು ಲಿಂಟನ್,

ಹೇಗಿದ್ದೀಯಪ್ಪ? ಕುತ್ತಿಗೆಯ ಬೆವರುಸಾಲೆ ಇಳಿಯಿತೇ? ಹಡಗಿನ ಹೊಟ್ಟೆಯೊಳಗೆ, ಕಿಟಕಿಯೇ ಇಲ್ಲದ ಒಗೆಯುವ ಕೋಣೆಯಲ್ಲಿ ದಿನವೆಲ್ಲ ಬೇಯುತ್ತೀಯ. ನೀರು ಕುಡಿಯುವುದನ್ನು ಮಾತ್ರ ಮರೆಯಬೇಡ. ನಾನು ಗಟ್ಟಿಯಾಗಿದ್ದೇನೆ. ನಿನ್ನೆ ದೀವಿಹಲಸು ಸುಟ್ಟು ಉಪ್ಪುಮೀನಿನ ಜೊತೆ ತಿನ್ನುವಾಗ ನಿನ್ನ ನೆನಪು ಬಂದು ಕಣ್ಣು ತುಂಬಿತು. ಆಮೇಲೆ ನಿನ್ನ ಪಾಲನ್ನೂ ನಾನೇ ತಿಂದೆ.

ಬರ್ನೆಲ್ ನಿನಗೆ ಫೋನು ಮಾಡಿ ನನ್ನ ಮೇಲೆ ದೂರು ಹೇಳಿದ್ದಾನೆ. ನೀನು ನನಗೆ ಫೋನು ಮಾಡಿ, "ಅಮ್ಮಾ, ಒಂದ್ಸಲ ತಪ್ಪಾಯ್ತು ಅಂದ್ಬಿಡು" ಅಂದೆ. ಅಷ್ಟರಲ್ಲಿ ಲೈನು ಕಡಿಯಿತು. ಒಳ್ಳೆಯದೇ ಆಯಿತು. ನನ್ನ ಸಿಟ್ಟು ಫೋನಿನಲ್ಲಿ ಹಿಡಿಸುವಷ್ಟು ಸಣ್ಣದಲ್ಲ. ನಡೆದದ್ದನ್ನು ನನ್ನ ಬಾಯಿಂದಲೇ ಕೇಳು.

ನೀನು ಹೋದ ಮೇಲೆ ನಮ್ಮ ಬಿಸಿನೀರಿನ ಬುಗ್ಗೆಯನ್ನು ಒಂದು ಕಂಪನಿ ಗುತ್ತಿಗೆ ಹಿಡಿಯಿತು. ಬೇಲಿ ಬಂತು, ಗೇಟು ಬಂತು, ಬಣ್ಣದ ಬೋರ್ಡು ಬಂತು. ಅದಕ್ಕೆಲ್ಲ ಮ್ಯಾನೇಜರು ನಮ್ಮ ಬರ್ನೆಲ್ಲೇ. ಜ್ಞಾನಸ್ನಾನದ ದಿನ ಪಾದ್ರಿಯ ಮುಂದೆ ನಾನೇ ಎತ್ತಿ ಹಿಡಿದ ಮಗು, ನನ್ನನ್ನು ನೆನೆನ್, ಜ್ಞಾನತಾಯಿ ಎಂದು ಕರೆಯುವವನು, ಈಗ ಇಸ್ತ್ರಿ ಅಂಗಿ ತೊಟ್ಟು ವಾಕಿಟಾಕಿ ಹಿಡಿದು ನಿಲ್ಲುತ್ತಾನೆ. ಪ್ರವಾಸಿಗರ ಹಡಗು ಬರದ ದಿನ ಊರವರು ಬರಬಹುದಂತೆ. ಹಡಗು ಬಂದ ದಿನ ಮಾತ್ರ ಅಲ್ಲಿ ನಮ್ಮ ನೆರಳೂ ಬೀಳಕೂಡದಂತೆ. ಆದರೆ ಈ ತಿಂಗಳಲ್ಲಿ ಹಡಗು ಬರದ ದಿನ ಯಾವುದಿದೆ ಹೇಳು?

ಮಂಗಳವಾರ ಪಕ್ಕದ ಮನೆಯ ಮಾ ಟಿಟೀನಳಿಗೆ ಮಂಡಿ ಹಿಡಿದುಕೊಂಡು ಮೆಟ್ಟಿಲು ಇಳಿಯಲೂ ಆಗುತ್ತಿರಲಿಲ್ಲ. ಅವಳ ಕಾಲನ್ನು ಬುಗ್ಗೆಯಲ್ಲಿ ಇಳಿಬಿಡಿಸಿ, ಕೆಳಗಿನ ಬೆಚ್ಚನೆಯ ಹೊಳೆಯಲ್ಲಿ ಬಟ್ಟೆ ಒಗೆದುಕೊಂಡು ಬರೋಣವೆಂದು ಬುಟ್ಟಿ ಹೊತ್ತು ಹೊರಟೆ. ಬೇಲಿಯ ಹಿಂದಿನ ಬಾಳೆತೋಟದ ದಾರಿ ಕಂಪನಿಯವರಿಗೇನು ಗೊತ್ತು? ಆಗಲೇ ಬಂದರಿನಿಂದ ಬಸ್ಸುಗಳು ಹೊರಟಿದ್ದವು. ಬರ್ನೆಲ್ ಓಡಿ ಬಂದ.

"ನೆನೆನ್, ಇವತ್ತು ಬೇಡ. ಇವತ್ತು ಹಡಗು ಬಂದಿದೆ."

"ಹಡಗು ಬಂದ್ರೆ ನನ್ನ ಬಟ್ಟೆ ತಾನಾಗೇ ಒಗೆದುಕೊಳ್ಳತ್ತೇನೋ?"

ಅವನು ತಲೆ ಕೆರೆದುಕೊಂಡ. ಆಮೇಲೆ ಏನು ಹೇಳಿದ ಗೊತ್ತೇ? ನಾನು ಹಬ್ಬಕ್ಕೆ ಉಡುವ ಚೌಕಳಿ ಲಂಗ ಉಟ್ಟು, ತಲೆಗೆ ಬಟ್ಟೆ ಕಟ್ಟಿ, ಖಾಲಿ ಬುಟ್ಟಿ ಇಟ್ಟುಕೊಂಡು ಬಂಡೆಯ ಮೇಲೆ ಕೂರಬೇಕಂತೆ. ಒಗೆಯುವವಳ ಹಾಗೆ. ಫೋಟೋಗೆ. ಕಂಪನಿಯೇ ಸಂಬಳ ಕೊಡುತ್ತದಂತೆ. "ಆದ್ರೆ ಈ ಕೊಳೆ ಬಟ್ಟೆ ಬೇಡ ನೆನೆನ್, ನೋಡೋರಿಗೆ ಚೆನ್ನಾಗಿರಲ್ಲ" ಅಂದ. ನೀನು ಹಡಗಿನೊಳಗೆ ಕೂತು ಅವರ ಕೊಳೆ ಒಗೆಯಬಹುದು, ನಾನು ನನ್ನ ಹೊಳೆಯಲ್ಲಿ ನನ್ನದನ್ನು ಒಗೆಯಕೂಡದು! ದೊಡ್ಡ ಬಿರುಗಾಳಿ ಹೊಡೆದ ವರ್ಷ ಊರಿನಲ್ಲಿ ಒಂದು ಚಾವಣಿಯೂ ಉಳಿಯದೆ, ನಲ್ಲಿಯಲ್ಲಿ ತಿಂಗಳುಗಟ್ಟಲೆ ನೀರಿಲ್ಲದಾಗ ನಮ್ಮ ಮೈ ತೊಳೆದದ್ದು ಈ ಬುಗ್ಗೆ. ಆಗ ಫೋಟೋ ತೆಗೆಯಲು ಯಾರೂ ಬಂದಿರಲಿಲ್ಲ.

ಹೊಳೆಗಿಳಿದು ಬಟ್ಟೆ ಒಗೆದೆ. ನನ್ನ ಅಗಲವಾದ ಒಳಚಡ್ಡಿಗಳನ್ನು ಒಂದೊಂದಾಗಿ ಹಿಂಡಿ, ಅವರ 'ಸುಸ್ವಾಗತ' ಬೋರ್ಡಿಗೆ ಒಣಹಾಕಿದೆ. ಅಷ್ಟರಲ್ಲಿ ಬಸ್ಸಿನವರು ಇಳಿದರು. ಅವರ ಮುಖ ನೀನು ನೋಡಬೇಕಿತ್ತು!

ಬರ್ನೆಲ್ ಪೊಲೀಸರಿಗೆ ಹೇಳಿ ಕಳಿಸಿದ. ಬಂದವನು ಯಾರು? ಟಿಟೀನಳ ಮೊಮ್ಮಗ ರಾಫಿಯಲ್. ನೀರಿನಲ್ಲಿ ಕಾಲು ಇಳಿಬಿಟ್ಟು ಕುಳಿತ ಅಜ್ಜಿಯನ್ನು ಕಂಡು ಟೋಪಿ ತೆಗೆದು ನಿಂತುಬಿಟ್ಟ. ಅವಳು, "ಬಾರೋ, ಎಬ್ಬಿಸು, ಜೈಲಿಗೆ ಹೋಗೋಣ. ಅದಕ್ಕೂ ಮೊದ್ಲು ಈ ಚಾದರದ ಆ ತುದಿ ಹಿಡಿ, ಒಬ್ಬಳ ಕೈಲಿ ಹಿಂಡೋಕಾಗಲ್ಲ" ಅಂದಳು. ಹಿಂಡಿದ ಕಣೋ! ಪೂರಾ ಸಮವಸ್ತ್ರ ಒದ್ದೆ ಮಾಡಿಕೊಂಡು ಹಿಂಡಿದ. ಆಮೇಲೆ ಬರ್ನೆಲ್ ಕಡೆ ತಿರುಗಿ, "ಅಣ್ಣಾ, ಇವರನ್ನ ಹಿಡಕೊಂಡು ಹೋಗು ಅಂತ ಬರೆದ ಕಾಗದ ಏನಾದ್ರೂ ಇದ್ರೆ ತೋರ್ಸು. ಇಲ್ದಿದ್ರೆ ನಾನು ಹೊರಟೆ" ಅಂದ.

ಬರ್ನೆಲ್ ನನ್ನ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, "ಲಿಂಟನ್ ಉಣ್ಣೋದು ಹಡಗಿನವರ ಅನ್ನ ನೆನೆನ್. ನಾನೊಂದು ಮಾತು ಹೇಳಿದ್ರೆ ಸಾಕು" ಅಂದ. ನಿಜ ಹೇಳುತ್ತೇನೆ, ಆಗ ನಾನು ಹೆದರಿದೆ. ಒದ್ದೆ ಬಟ್ಟೆ ಬಾಚಿಕೊಂಡು ಮನೆಗೆ ಬಂದೆ. ಎರಡು ದಿನ ಹೊರಗೆ ಕಾಲಿಡಲಿಲ್ಲ.

ಗುರುವಾರ ಸಂಜೆ ಬರ್ನೆಲ್‌ನ ತಾಯಿಯೇ ಬಂದಳು. ನನಗೆ ಹೇಳಿದ್ದನ್ನೇ ಮಗ ಮನೆಯಲ್ಲೂ ಆಡಿದ್ದನಂತೆ, ಅವಳ ಕಿವಿಗೂ ಬಿದ್ದಿತ್ತು. "ನಾಳೆ ನಾನೂ ಬುಟ್ಟಿ ತರ್ತೀನಿ ಲಿಯೊಂಟೀನ್. ನನ್ನನ್ನು ಹೊರಗೆ ಹಾಕಲಿ ನೋಡೋಣ" ಎಂದಳು. ಅವಳು ಅಷ್ಟು ಅಂದ ಮೇಲೆ ನಾನು ಮನೆಯಲ್ಲಿ ಕೂರುವುದೇ?

ನಿನ್ನೆ ಬೆಳಿಗ್ಗೆ ಬಂದರಿಗೆ ಎರಡು ಹಡಗು ಬಂದಿದ್ದವು. ಕಣಿವೆಯ ಹೆಂಗಸರೆಲ್ಲ ಹೊಳೆಗಿಳಿದೆವು, ಈ ಸಲ ಬಾಳೆತೋಟದ ದಾರಿಯಿಂದಲ್ಲ, ಗೇಟಿನಿಂದಲೇ. ಎಲ್ಲರಿಗಿಂತ ಮುಂದೆ ಬರ್ನೆಲ್‌ನ ತಾಯಿ. ಅವನು ಅವಳ ಮುಖ ನೋಡಿದ, ನಮ್ಮೆಲ್ಲರ ಮುಖ ನೋಡಿದ, ಕೀಲಿ ತೆಗೆದ. ಬಸ್ಸಿನವರು ಮೇಲಿನ ಗುಂಡಿಯಲ್ಲಿ ಮಿಂದರು, ನಾವು ಕೆಳಗೆ ಒಗೆದೆವು. ಆಕಾಶವೇನೂ ಕಳಚಿ ಬೀಳಲಿಲ್ಲ. ಇನ್ನು ಮೇಲೆ ಗೇಟಿಗೆ ಬೀಗ ಬಿದ್ದ ದಿನ ನಾವು ರಸ್ತೆಯಲ್ಲೇ ಬಟ್ಟೆ ಹರವುತ್ತೇವೆಂದು ಅವನಿಗೆ ಹೇಳಿ ಬಂದಿದ್ದೇವೆ. ಹಾಗಾಗಿ ತಪ್ಪಾಯಿತು ಎಂಬ ಮಾತನ್ನು ನನ್ನಿಂದ ಕೇಳಬೇಡ, ಮಗು.

ಹೊತ್ತು ಹೊತ್ತಿಗೆ ಊಟ ಮಾಡು. ಮಾತೆ ಮರಿಯ ನಿನ್ನ ತಲೆ ಕಾಯಲಿ. ಟಿಟೀನ್ ನಿನ್ನ ಕೆನ್ನೆ ಹಿಂಡಿದ್ದಾಳೆಂದು ತಿಳಿ.

ನಿನ್ನ ಅಮ್ಮ,
ಲಿಯೊಂಟೀನ್

ತಾ.ಕ.: ಬರ್ನೆಲ್ ಹಡಗಿನವರಿಗೆ ಆ ಮಾತು ಹೇಳಿಯೇಬಿಟ್ಟನಂತೆ, ಅವನ ತಾಯಿ ಈಗಷ್ಟೇ ಬಂದು ಅಳುತ್ತಾ ತಿಳಿಸಿದಳು. ಮೇಲಿನವರು ನಿನ್ನನ್ನು ಕರೆಸಿ, ಬೋರ್ಡಿಗೆ ಬಟ್ಟೆ ಒಣಹಾಕಿದ ಆ ಹೆಂಗಸು ನಿನಗೇನಾಗಬೇಕು ಎಂದು ಕೇಳಬಹುದು. ಕೆಲಸ ಉಳಿಯುವುದಾದರೆ ಗೊತ್ತೇ ಇಲ್ಲ ಎಂದುಬಿಡು, ನನಗೇನೂ ಬೇಸರವಿಲ್ಲ ಎಂದು ಬರೆಯಲು ಕುಳಿತೆ. ಕೈ ಬರುತ್ತಿಲ್ಲ. ಬೇಸರವಾಗುತ್ತದೆ ಕಣೋ, ತುಂಬ ಆಗುತ್ತದೆ. ನನ್ನ ತಾಯಿ ಅನ್ನು. ತಲೆ ತಗ್ಗಿಸದೆ ಅನ್ನು. ಕೆಲಸದಿಂದ ತೆಗೆದರೆ ಅದೇ ದಿನ ಹೊರಟು ಬಾ.